ದೋಣಿಗೆ ಹೊಲಿದ ಲಂಗ

ಕುಲ್ಸುಂಬೀ ಸೀರೆಯೊಳಗೆ ಗಂಡಸರ ಜೀನ್ಸ್ ಪ್ಯಾಂಟು ಹಾಕಿಕೊಂಡು ಓಡಾಡುವುದು ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಓಣಿಗೆ ಹಳೆಯ ಸಂಗತಿ. ಮನೆಯಲ್ಲೇ ಜೀನ್ಸ್ ಹೊಲಿಯುವವರು ನಾವು; ಹೊಲಿಯಲು ಹೊಸ ನಮೂನೆ ಬಂದಾಗಲೆಲ್ಲ ನನ್ನ ಹೆಂಡತಿ ಹಾಗೆ ಮಾಡುತ್ತಿದ್ದಳು. ಮೊದಲ ಪೀಸು ಕತ್ತರಿಸಿದವರ ಮೈಮೇಲೆ ಒಂದು ದಿನ ಇರಬೇಕು. ಅದನ್ನು ಹಾಕಿಕೊಂಡೇ ನೀರು ತುಂಬಬೇಕು, ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯಬೇಕು, ಮಾಳಿಗೆ ಹತ್ತಿ ಇಳಿಯಬೇಕು. ಆಮೇಲೆಯೇ ಉಳಿದ ಬಟ್ಟೆಗೆ ಕತ್ತರಿ. ಕುರುಗೋಡಿನಲ್ಲಿದ್ದ ನಮ್ಮ ಅಪ್ಪ ಸೊಸೆಯ ಕೈಗೆ ಕತ್ತರಿ ಕೊಟ್ಟ ದಿನ ಹೇಳಿದ ಮಾತು ಅದು. ಅಪ್ಪ ತೀರಿಕೊಂಡ ಮೇಲೆ ನಾನು ಆ ಪದ್ಧತಿಯನ್ನು ಮರೆತೆ. ಆಕೆ ಮರೆಯಲಿಲ್ಲ.

"ಏನಬೇ ಕುಲ್ಸುಂಬೀ, ಇವತ್ತು ಯಾವ ಗಂಡಸಿನ ನಡಾ ಕಟ್ಟಿಗೊಂಡಿ?" ಎಂದು ಎದುರು ಮನೆಯ ಅಂಬಮ್ಮ ಕಟ್ಟೆಯ ಮೇಲಿಂದ ಕೇಳುತ್ತಿದ್ದಳು.

"ಬಾಂಬೆ ಗಿರಾಕಿದು. ಹೊಟ್ಟಿ ದೊಡ್ಡದೈತಿ, ನೀ ಒಳಗ ಬಂದ್ರೂ ಹಿಡೀತೈತಿ," ಎಂದು ಕುಲ್ಸುಂಬೀ ಅನ್ನುತ್ತಿದ್ದಳು.

ಅದಿರಿನ ಕಾಲ ಅದು. ಹಗಲೂ ರಾತ್ರಿ ಲಾರಿಗಳು ಹೋಗುತ್ತಿದ್ದವು. ಊರ ಮೇಲೆ ಸದಾ ಒಂದು ತೆಳ್ಳನೆಯ ಕೆಂಪು ತೆರೆ. ಒಣಹಾಕಿದ ಬಿಳಿ ಲುಂಗಿ ಸಂಜೆಗೆ ಇಟ್ಟಂಗಿಯ ಬಣ್ಣಕ್ಕೆ ತಿರುಗುತ್ತಿತ್ತು. ಹೊತ್ತು ಮುಳುಗುವಾಗ ಬೆಳಕು ಆ ಧೂಳಿನಲ್ಲಿ ನೆನೆದು ನಿಧಾನವಾಗಿ ಇಳಿಯುತ್ತಿತ್ತು. ಗುಡ್ಡದ ಕೋಟೆ, ಮಸೀದಿಯ ಮಿನಾರು, ಕರೆಂಟು ಕಂಬ ಎಲ್ಲವೂ ನಿದ್ದೆಗಣ್ಣಿನಲ್ಲಿ ಕಂಡ ಹಾಗೆ ಕಾಣುತ್ತಿದ್ದವು. ಆ ಹೊತ್ತಿನಲ್ಲೇ ಒಂದು ದಿನ ವಿಜಯಲಕ್ಷ್ಮಿ ಆ ಪರದೇಶದ ಹೆಂಗಸನ್ನು ನಮ್ಮ ಮನೆಗೆ ಕರೆತಂದಳು.

ವಿಜಯಲಕ್ಷ್ಮಿ ನಮ್ಮ ಓಣಿಯ ಹುಡುಗಿಯೇ. ಕುಡತಿನಿಯ ಕರೆಂಟು ಕಾರ್ಖಾನೆಯಲ್ಲಿ ನೀರು ಪರೀಕ್ಷೆ ಮಾಡುವ ಕೆಲಸ. ಜೊತೆಗೆ ಬಂದವಳು ಅಲ್ಲಿ ಹೊಸ ಯಂತ್ರ ಕೂಡಿಸಲು ನಾರ್ವೆ ದೇಶದಿಂದ ಬಂದ ಎಂಜಿನಿಯರು, ಇಂಗ್ರಿಡ್ ಅಂತ. ಎತ್ತರದ ಆಳು, ಮೆಕ್ಕೆಜೋಳದ ತೆನೆಯ ಕೂದಲಿನಂಥ ಕೂದಲು. ಬಾಗಿಲಲ್ಲಿ ತಲೆ ಬಗ್ಗಿಸಿ ಬಂದು ಮಷೀನಿನ ಪಕ್ಕ ಚಾಪೆಯ ಮೇಲೆ ಕೂತಳು. ಕುಲ್ಸುಂಬೀ ಅಂದೇ ಆಕೆಗೆ 'ಇಂಗ್ರಿಬೀ' ಎಂದು ಹೆಸರಿಟ್ಟಳು.

ಇಂಗ್ರಿಡ್ ಚೀಲದಿಂದ ಒಂದು ಕರಿಯ ವಸ್ತು ತೆಗೆದು ಹಾಸಿದಳು. ದುಂಡನೆಯ ದಪ್ಪ ರಬ್ಬರು ಬಟ್ಟೆ, ನಡುವೆ ನಡಕ್ಕೆ ಏರಿಸುವ ಕೊಳವೆ, ಸುತ್ತ ಅಂಚಿಗೆ ರಬ್ಬರು, ಮುಂದೆ ಎಳೆಯಲು ಒಂದು ಪಟ್ಟಿ.

"ಇದು ದೋಣಿಗಿ ಹಾಕೋ ಲಂಗ ಚಾಚಿ," ಎಂದಳು ವಿಜಯಲಕ್ಷ್ಮಿ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಂಬಮ್ಮ, "ಲಂಗ ಆತು. ದೋಣಿಗಿ ಕುಪ್ಪಸಾ ಯಾವಾಗ?" ಅಂದಳು.

ವಿಜಯಲಕ್ಷ್ಮಿ ನಗುತ್ತಲೇ ಬಿಡಿಸಿ ಹೇಳಿದಳು. ಕಯಾಕ್ ಅಂದರೆ ಬೆಂಡೆಕಾಯಿಯ ಹಾಗೆ ಉದ್ದಕ್ಕೆ, ಸಪೂರವಾಗಿ ಇರುವ ದೋಣಿ. ಮೇಲೆಲ್ಲ ಮುಚ್ಚಿರುತ್ತದೆ, ನಡುವೆ ಒಂದು ಬಾಯಿ. ಆ ಬಾಯೊಳಗೆ ಕಾಲು ನೀಡಿ ಕೂರಬೇಕು. ತೆರೆ ಬಡಿದರೆ ನೀರು ಒಳಗೆ ಬರಬಾರದು. ಅದಕ್ಕೆ ಈ ಲಂಗವನ್ನು ನಡಕ್ಕೆ ಏರಿಸಿ ದೋಣಿಯ ಬಾಯಿಯ ಅಂಚಿಗೆ ಸುತ್ತ ಸಿಕ್ಕಿಸುತ್ತಾರೆ. ದೋಣಿ ಮಗುಚಿದರೆ ಮುಂದಿನ ಪಟ್ಟಿ ಎಳೆಯಬೇಕು. ಲಂಗ ಕಳಚುತ್ತದೆ, ಮನುಷ್ಯ ಹೊರಗೆ ಬರುತ್ತಾನೆ. ಇಂಗ್ರಿಡ್‌ಳ ಊರಿನಲ್ಲಿ ಅವಳ ಓರಗೆಯ ಹೆಂಗಸರ ಒಂದು ಗುಂಪು ಪ್ರತಿ ವರ್ಷ ಕಡಲಿಗೆ ಇಳಿಯುತ್ತದೆ. ಅವರೆಲ್ಲರ ಲಂಗಗಳು ಹಳತಾಗಿವೆ. ಜೀನ್ಸು ಹೊಲಿಯುವ ಈ ಊರಿನಿಂದ ಗುಂಪಿಗೆಲ್ಲ ಹೊಸದು ಒಯ್ಯಬೇಕೆಂದು ಅವಳ ಆಸೆ.

ಇಲ್ಲಿಯೂ ಅವಳ ಬಳಿ ಮೂರು ಕಯಾಕ್ ಇದ್ದವು. ಗೋವೆಯ ಬಂದರಿನಲ್ಲಿ ಅದಿರು ಸುರಿದು ಖಾಲಿ ಬರುತ್ತಿದ್ದ ಲಾರಿಯಲ್ಲಿ ತರಿಸಿದ್ದಳು. ಹಳದಿ ದೋಣಿಗಳು ಬಳ್ಳಾರಿ ಮುಟ್ಟುವಷ್ಟರಲ್ಲಿ ಧೂಳು ಕೂತು ಕೆಂಪಾಗಿದ್ದವಂತೆ. ಭಾನುವಾರ ಸಿರುಗುಪ್ಪದ ಹೊಳೆಯಲ್ಲಿ ಅವಳೂ ವಿಜಯಲಕ್ಷ್ಮಿಯೂ ಹುಟ್ಟು ಹಾಕುತ್ತಿದ್ದರು.

ಸಿರುಗುಪ್ಪ ಎಂಬ ಮಾತು ಬಂದಾಗ ಕುಲ್ಸುಂಬೀ ತಲೆ ಎತ್ತಲಿಲ್ಲ. ಲಂಗದ ಅಂಚನ್ನು ಬೆರಳಿನಿಂದ ಅಳೆಯುತ್ತಿದ್ದಳು.

ಅವಳ ತವರು ಅದು. ಅವಳಿನ್ನೂ ಚಿಕ್ಕವಳಿದ್ದಾಗ ಅಕ್ಕ ಮಾಬುಬಿ ಬಳೆಯ ಬುಟ್ಟಿ ಹೊತ್ತು ಆಚೆ ದಂಡೆಯ ಊರಿಗೆ ಹೊರಟಿದ್ದಳು. ನಡುಹೊಳೆಯಲ್ಲಿ ಹರಗೋಲು ಮಗುಚಿತು. ಉಳಿದವರು ಈಜಿ ಬಂದರು. ಅಕ್ಕ ಎಲ್ಲಿ ಎಂದು ಕೇಳಿದ ಕೂಸಿಗೆ ತಾಯಿ, "ಹೊಳಿ ಕೆಳಗ ಕತ್ತಲ ಐತಿ, ಅದರಾಗ ಹೋದ್ಲು," ಅಂದಿದ್ದಳಂತೆ. ಮದುವೆಯಾದ ಹೊಸತರಲ್ಲಿ ಒಮ್ಮೆ ನನಗೆ ಇದಿಷ್ಟು ಹೇಳಿದಳು, ಮತ್ತೆ ಆ ಮಾತು ತೆಗೆಯಲಿಲ್ಲ. ಅಕ್ಕ ಹೋದಂದಿನಿಂದ ಆಕೆ ಹೊಳೆಗೆ ಕಾಲಿಟ್ಟವಳಲ್ಲ. ತವರಿಗೆ ಹೋದರೂ ಹೊಳೆಯ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು.

ಆದರೂ ಕೆಲಸ ಒಪ್ಪಿಕೊಂಡಳು. ಆ ರಬ್ಬರು ಬಟ್ಟೆ ಇಲ್ಲಿ ಸಿಗುವಂಥದ್ದಲ್ಲ. ಲಾರಿಗೆ ಹೊದಿಸುವ ತಾಡಪತ್ರಿಯಲ್ಲೇ ನೈಲಾನಿನದೊಂದು ಬರುತ್ತಿತ್ತು, ಹಗುರ, ನೀರು ಹಿಡಿಯದು. ಅದನ್ನು ತಂದೆವು. ಅಂಚಿಗೆ ಸಾಮಾನು ಕಟ್ಟುವ ರಬ್ಬರು ಹಗ್ಗ. ಪ್ರತಿ ಸಂಜೆ ಇಂಗ್ರಿಡ್ ಬಂದು ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತಾ ತನ್ನ ಕಡಲಿನ ಸುದ್ದಿ ಹೇಳುತ್ತಿದ್ದಳು. ವಿಜಯಲಕ್ಷ್ಮಿ ನಮ್ಮ ಮಾತಿಗೆ ತರುತ್ತಿದ್ದಳು. ಇಬ್ಬರ ದನಿಯೂ ಮೆಲ್ಲಗೆ. ಫ್ಯಾನು ಧೂಳಿನ ಗಾಳಿಯನ್ನು ಸುತ್ತಿಸುತ್ತಿತ್ತು.

ಅಲ್ಲಿಯ ಕಡಲು ಮಕ್ಕಳು ಬಳಪದಲ್ಲಿ ಬರೆಯುವ ಹಲಗೆಯ ಬಣ್ಣ. ಗುಡ್ಡಗಳು ನೇರ ನೀರಿನಿಂದಲೇ ಎದ್ದಿರುತ್ತವೆ, ತುದಿಯಲ್ಲಿ ಹಿಮ. ಬೇಸಿಗೆಯಲ್ಲಿ ಹೊತ್ತು ಮುಳುಗುವುದೇ ಇಲ್ಲ. ಬಿಸಿಲು ಎಷ್ಟೇ ಇರಲಿ, ನೀರಿನ ಚಳಿಗೆ ತಕ್ಕ ಬಟ್ಟೆಯನ್ನೇ ಹಾಕಬೇಕು. ಯಾಕೆಂದರೆ ಬಿದ್ದರೆ ಬೀಳುವುದು ಬಿಸಿಲಿಗಲ್ಲ. ಕುತ್ತಿಗೆ, ಮುಂಗೈಗೆ ರಬ್ಬರಿನ ಪಟ್ಟಿ ಇರುವ, ಕಾಲಿನಿಂದಲೇ ಏರಿಸುವ ಇಡೀ ಅಂಗಿ, ಅದರ ಮೇಲೆ ತೇಲಿಸುವ ಜಾಕೀಟು, ಜಾಕೀಟಿಗೆ ಒಂದು ಸೀಟಿ. ಮಂಜು ಮುಸುಕಿದಾಗ ಒಬ್ಬರ ದನಿ ಇನ್ನೊಬ್ಬರಿಗೆ ಕೇಳುವಷ್ಟೇ ದೂರದಲ್ಲಿ ಹೋಗುತ್ತಾರೆ. ಯಾರಾದರೂ ದಣಿದರೆ ಎಲ್ಲರೂ ದೋಣಿಗಳನ್ನು ಪಕ್ಕಕ್ಕೆ ಪಕ್ಕ ತಂದು, ಒಬ್ಬರ ದೋಣಿಯನ್ನು ಒಬ್ಬರು ಹಿಡಿದುಕೊಂಡು ಸುಮ್ಮನೆ ತೇಲುತ್ತಾರೆ. ಥರ್ಮಾಸಿನಿಂದ ಬಿಸಿ ಚಹಾ ಕುಡಿಯುತ್ತಾರೆ. ನೀರುನಾಯಿಯಂಥ ಒಂದು ಕಡಲ ಪ್ರಾಣಿ ತಲೆ ಎತ್ತಿ, ಇವರು ಯಾರೆಂದು ನೋಡಿ ಮತ್ತೆ ಮುಳುಗುತ್ತದೆ.

"ಬಿದ್ರ?" ಎಂದು ಕುಲ್ಸುಂಬೀ ಮಷೀನು ನಿಲ್ಲಿಸದೆ ಕೇಳಿದಳು.

"ಬಿದ್ರ ಮೊದಲ ಉಸಿರ ಸಿಗಾಂಗಿಲ್ಲಂತ ಚಾಚಿ. ಆಮ್ಯಾಲ ಬೆರಳು ಮಾತ ಕೇಳಾಂಗಿಲ್ಲಂತ. ಅಷ್ಟರಾಗ ಹೊರಗ ಬರಬೇಕು."

"ಹೊರಗ ಬರದಿದ್ರ?"

ವಿಜಯಲಕ್ಷ್ಮಿ ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತರಲಿಲ್ಲ. ಇಂಗ್ರಿಡ್‌ಗೆ ಹೇಗೋ ಅರ್ಥವಾಯಿತು. ಅವಳು ಲಂಗದ ಪಟ್ಟಿಯನ್ನು ಮುಟ್ಟಿ ತೋರಿಸಿದಳು.

ಆಮೇಲೆ ನಮ್ಮ ಮನೆಗೆ ಆ ಕಡಲು ಕನಸಿನಲ್ಲಿ ಬರತೊಡಗಿತು. ನನಗೆ ಒಮ್ಮೆ ಕೌಲ್ ಬಜಾರಿನ ರಸ್ತೆಯ ತುಂಬ ತಣ್ಣನೆಯ ನೀರು ನಿಂತು, ಲಾರಿಗಳು ಸದ್ದಿಲ್ಲದೆ ತೇಲಿ ಹೋದ ಹಾಗೆ ಕನಸಾಯಿತು. ಕುಲ್ಸುಂಬೀ ತನ್ನ ಕನಸು ಹೇಳಲಿಲ್ಲ. ನಮ್ಮ ಊರಿನ ಚಳಿ ಅಷ್ಟೇನಿಲ್ಲದಿದ್ದರೂ ಬೆಳಗಿನ ಜಾವ ಕೌದಿ ಎಳೆದುಕೊಂಡು ಮುದುರಿ ಮಲಗಿರುತ್ತಿದ್ದಳು.

ಮೊದಲ ಪೀಸು ತಯಾರಾಯಿತು. ಅದನ್ನು ನಡಕ್ಕೆ ಏರಿಸಿಕೊಂಡು ಕುಲ್ಸುಂಬೀ ಇಡೀ ದಿನ ಮನೆಯಲ್ಲಿ ಓಡಾಡಿದಳು. ದೊಡ್ಡ ಕೊಡೆಯೊಂದು ನಡೆದಾಡಿದ ಹಾಗಿತ್ತು. ಅಂಬಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಂಜೆ ಲಂಗ ಬಿಚ್ಚಿ ಮಡಚುತ್ತಾ ಕುಲ್ಸುಂಬೀ ನನಗೆ, "ಇದು ಉಟ್ಟಂಗ ಆಗಲಿಲ್ಲ," ಅಂದಳು.

"ದಿನಾ ಪೂರಾ ಉಟ್ಟಿಯಲ್ಲ."

"ನೆಲದ ಮ್ಯಾಲ ಉಡೂ ಅರಿವಿ ಅಲ್ಲರಿ ಇದು. ನೀರಾಗ ಉಡಬೇಕು. ಮಗುಚಿಗೊಂಡು ನೋಡಬೇಕು."

ನಾನು ಕೈಯಲ್ಲಿದ್ದ ದಾರದ ಉಂಡೆ ಕೆಳಗಿಟ್ಟೆ. "ಈ ಒಂದಕ್ಕ ಬಿಟ್ಟಬಿಡು ಕುಲ್ಸುಂ. ಆಕಿನ ನೋಡ್ತಾಳ. ಅವಳಿಗಿ ರೂಢಿ ಐತಿ."

"ಕತ್ತರಿ ಹಾಕಿದಾಕಿ ನಾನು. ನಾ ನೋಡದ ಬಟ್ಟಿ ಆ ಹೆಣ್ಮಕ್ಕಳ ನಡಕ್ಕ ಹೋಗಿ, ಆ ತಣ್ಣೀರಾಗ ಕೂಡಾಕಿದ್ರ?" ಮಡಚಿದ ಲಂಗವನ್ನು ಮತ್ತೆ ಬಿಡಿಸಿದಳು. "ನಾ ಅಂಜೀನಿ, ಖರೆ. ಅಂಜಿಗೊಂಡ ಇಳೀತೀನಿ."

ಮರುದಿನ ಇಂಗ್ರಿಡ್ ಒಂದು ದೋಣಿಯನ್ನು ಜೀಪಿನ ಮೇಲೆ ಹೇರಿಕೊಂಡು ಬಂದು ನಮ್ಮ ಅಂಗಳದಲ್ಲಿಳಿಸಿದಳು. ಓಣಿಯೆಲ್ಲ ಸೇರಿತು. ಅವಳು ಒಳಗೆ ಕೂತು, ನಾವು ಹೊಲಿದ ಲಂಗ ಸಿಕ್ಕಿಸಿ, ಪಟ್ಟಿ ಹಿಡಿದು ಒಮ್ಮೆ ಎಳೆದಳು. ಟಪ್ ಎಂದು ಲಂಗ ಸುತ್ತ ಕಳಚಿ ಬಂತು. ಇಂಗ್ರಿಡ್ ಚಪ್ಪಾಳೆ ತಟ್ಟಿದಳು. ಮತ್ತೆ ಸಿಕ್ಕಿಸಿದಳು, ಮತ್ತೆ ಎಳೆದಳು, ಮತ್ತೆ ನಕ್ಕಳು. ಕುಲ್ಸುಂಬೀ ಭಾನುವಾರ ತಾನೂ ಬರುತ್ತೇನೆಂದು ಹೇಳಿದಾಗ ಅವಳು ನಗು ನಿಲ್ಲಿಸಿ ಆಕೆಯ ಕೈ ಹಿಡಿದುಕೊಂಡಳು.

ಆದರೆ ಅವಳು ಹೋದ ಮೇಲೆ ಕುಲ್ಸುಂಬೀಯ ಮುಖ ಬಾಡಿತ್ತು. ನಮ್ಮ ಮನೆಯಲ್ಲಿ ಹೊಲಿದ ಪ್ಯಾಂಟು ಹರಿದರೂ ಹೊಲಿಗೆ ಬಿಡುವುದಿಲ್ಲ ಎಂದು ಬಾಂಬೆಯ ಗಿರಾಕಿಗಳು ಅನ್ನುತ್ತಿದ್ದರು. ಹೊಲಿದದ್ದು ಒಂದೇ ಎಳೆತಕ್ಕೆ, ಅದೂ ಓಣಿಯ ಎದುರಿಗೆ, ಕಳಚಿ ಬಂದಿತ್ತು.

"ಬಿಚ್ಚಬೇಕು ಖರೆ, ಹಿಂಗ ಒಂದ ಎಳತಕ್ಕ ಬಿಚ್ಚಿದ್ರ ತೆರಿಗಿ ನಿಲ್ತೈತೇನು? ಇಂಗ್ರಿಬೀ ಭಾಳ ಒಳ್ಳೇಕಿ. ಸಡ್ಲ ಆಗೇತಿ ಅಂತ ಹೇಳಲಿಲ್ಲ, ನಕ್ಕಳು," ಅಂದಳು ಕುಲ್ಸುಂಬೀ.

ನನಗೂ ಹಾಗೇ ಅನಿಸಿತು. ಅಂದು ಸಂಜೆ ಆಕೆ ಅಂಚಿನ ರಬ್ಬರನ್ನು ಎರಡು ಬೆರಳಷ್ಟು ಒಳಗೆ ತೆಗೆದುಕೊಂಡು ಬಿಗಿ ಮಾಡಿದಳು. ಮೇಲೆ ಪ್ಯಾಂಟಿನ ಜೇಬಿಗೆ ಹಾಕುವ ಗಟ್ಟಿ ಹೊಲಿಗೆ ಹಾಕಿದಳು. ನಾನೇ ದೀಪ ಹತ್ತಿರ ಹಿಡಿದೆ. ಒಳ್ಳೆಯ ಕೆಲಸವಾಯಿತೆಂದು ಇಬ್ಬರಿಗೂ ನೆಮ್ಮದಿ.

ಶನಿವಾರ ಕುರುಗೋಡಿನ ತಮ್ಮನ ಮನೆಗೆ ಹೋಗಿ ಉಳಿದೆವು. ಬೆಳಿಗ್ಗೆ ಕುಡತಿನಿಯಿಂದ ಜೀಪು ಬಂದು ನಮ್ಮನ್ನು ಹತ್ತಿಸಿಕೊಂಡಿತು. ಚಳಿಗಾಲ. ಕುರುಗೋಡಿನ ಬಂಡೆಗಳು ಇಬ್ಬನಿಯಲ್ಲಿ ಅರ್ಧ ಮುಳುಗಿದ್ದವು. ತೆಕ್ಕಲಕೋಟೆ ದಾಟಿದ ಮೇಲೆ ಲಾರಿಗಳಿಲ್ಲ, ಧೂಳಿಲ್ಲ. ಎರಡೂ ಕಡೆ ಭತ್ತದ ಗದ್ದೆ, ಅದರ ಮೇಲೆ ಹೊಗೆಯ ಹಾಗೆ ಮಂಜು. ಕುಲ್ಸುಂಬೀ ಜೀನ್ಸ್ ಹಾಕಿ, ಮೇಲೆ ನನ್ನ ಉದ್ದ ತೋಳಿನ ಅಂಗಿ ತೊಟ್ಟು, ತಲೆಗೆ ವಸ್ತ್ರ ಬಿಗಿದಿದ್ದಳು. ಇಂಗ್ರಿಡ್ ತನ್ನ ಚಳಿಯ ಅಂಗಿ ಕೊಟ್ಟಿದ್ದಳು, ಅದು ಇವಳ ಮೊಣಕಾಲಿನಿಂದ ಮೇಲೆ ಏರಿರಲಿಲ್ಲ. ದಾರಿಯುದ್ದಕ್ಕೂ ಆಕೆ ದುವಾ ಓದುತ್ತಿದ್ದಳು. ತುಟಿ ಮಾತ್ರ ಆಡುತ್ತಿತ್ತು.

ಹೊಳೆಯ ದಂಡೆಯಲ್ಲಿ ಎರ್ರಿಸ್ವಾಮಿ ಹರಗೋಲು ಹಚ್ಚಿ ಕಾಯುತ್ತಿದ್ದ. ಭಾನುವಾರ ಇವರ ಜೊತೆ ಇರುವ ಅಂಬಿಗ ಅವನು.

"ಬರ್ರಿ ಅಕ್ಕಾ," ಅಂದ. "ನಡಾ ಮಟ ಐತಿ ನೀರು ಇಲ್ಲಿ. ಮುಳುಗಬೇಕಂದ್ರೂ ಕಷ್ಟಪಡಬೇಕು."

"ಕಷ್ಟಪಡಾಕನ ಬಂದೀನಪ್ಪಾ," ಅಂದಳು ಕುಲ್ಸುಂಬೀ.

ಇಂಗ್ರಿಡ್ ದಂಡೆಯ ಮೇಲೆಯೇ ಎಲ್ಲ ತೋರಿಸಿಕೊಟ್ಟಳು. ಮಗುಚಿದ ಕೂಡಲೇ ಮುಂದಕ್ಕೆ ಬಾಗಬೇಕು. ಕೈಯನ್ನು ಅಂಚಿಗೆ ಸವರುತ್ತಾ ಮುಂದೆ ಒಯ್ದು ಪಟ್ಟಿ ಎಳೆಯಬೇಕು.

"ಅದು ಬರಲಿಲ್ಲಂದ್ರ," ಎಂದು ವಿಜಯಲಕ್ಷ್ಮಿ ಹೇಳಿದಳು, "ದೋಣಿ ಹೊಟ್ಟಿಗಿ ಮೂರ ಸಲ ಬಡೀರಿ ಚಾಚಿ. ಆಮ್ಯಾಲ ಎರಡೂ ಕೈ ನೀರಿನ ಮ್ಯಾಲ ಚಾಚಿ ಕಾಯ್ರಿ. ಇಂಗ್ರಿಡ್ ತನ್ನ ದೋಣಿ ಮೂತಿ ತಂದು ನಿಮ್ಮ ಕೈಗಿ ಕೊಡ್ತಾಳ. ಅದನ್ನ ಹಿಡದು ಎದ್ದೇಳೂದು."

"ಆಕಿ ಬರೂತನಾ ನಾ ಏನ ಮಾಡ್ಲಿ?"

"ಕಾಯೂದು."

"ಕಾಯೂದು ನನಗ ಬರತೈತಿ."

ತೇಲಿಸುವ ಜಾಕೀಟು ತೊಡಿಸಿ ಆಕೆಯನ್ನು ದೋಣಿಯಲ್ಲಿ ಕೂರಿಸಿದರು. ಲಂಗ ಸಿಕ್ಕಿಸಲು ಇಂಗ್ರಿಡ್ ಬಹಳ ಹೆಣಗಿದಳು. ಏನೋ ಕೇಳಿದಳು. "ಬಿಗಿ ಆಗೇತಿ ಅಂತಾಳ," ಎಂದಳು ವಿಜಯಲಕ್ಷ್ಮಿ. "ಚಳಿಗಿ ರಬ್ಬರ ಸೆಟದಿರಬೇಕು," ಎಂದ ಎರ್ರಿಸ್ವಾಮಿ. ಪಟ್ಟಿ ಹೊರಗೆ ಇದೆಯೇ ಎಂದು ಇಂಗ್ರಿಡ್ ಮುಟ್ಟಿ ನೋಡಿ ತನ್ನ ದೋಣಿಗೆ ಹೋದಳು. ಕುಲ್ಸುಂಬೀ ದಂಡೆಯಲ್ಲಿ ನಿಂತಿದ್ದ ನನ್ನನ್ನು ಒಮ್ಮೆ ನೋಡಿದಳು. ಕಣ್ಣು ಬಿಗಿಯಾಗಿ ಮುಚ್ಚಿದಳು. ನೀರಿನಲ್ಲಿ ನಿಂತ ಎರ್ರಿಸ್ವಾಮಿ ದೋಣಿಯನ್ನು ಮೆಲ್ಲಗೆ ವಾಲಿಸಿದ.

ಹೊಳೆ ಮತ್ತೆ ಮಟ್ಟಸವಾಯಿತು. ಮೇಲೆ ಹಳದಿ ಹೊಟ್ಟೆಯೊಂದು ಉಳಿಯಿತು, ಅಷ್ಟೆ. ಆಚೆ ದಂಡೆಯಲ್ಲಿ ಒಂದು ಬೆಳ್ಳಕ್ಕಿ ಕಾಲೆತ್ತಿ ನಿಂತಿತ್ತು. ಮಂಜು ನಮ್ಮ ನಡುವೆ ನಡೆದು ಹೋಗುತ್ತಿತ್ತು. ಆಕೆ ಹೊರಗೆ ಬರಲಿಲ್ಲ. ದೋಣಿ ಒಮ್ಮೆ ನಡುಗಿತು, ಇನ್ನೊಮ್ಮೆ ನಡುಗಿತು. ಆಮೇಲೆ ಟಕ್, ಟಕ್, ಟಕ್. ಮನೆಯೊಳಗೆ ಇರುವವರು ಬಾಗಿಲು ತೆಗೆಯಿರಿ ಎಂದು ಒಳಗಿನಿಂದಲೇ ಬಡಿದ ಹಾಗೆ. ನೀರಿನಿಂದ ಎರಡು ಕೈಗಳು ಮೇಲೆದ್ದವು. ಬೆರಳು ಅಗಲಿಸಿ, ಅಲ್ಲಾಡದೆ, ಕಾಯುತ್ತಾ ನಿಂತವು.

ಇಂಗ್ರಿಡ್‌ಳ ದೋಣಿ ಸರ್ರನೆ ಬಂದು ಆ ಕೈಗಳಿಗೆ ತಾಗಿತು. ಕೈಗಳು ಹಿಡಿದುಕೊಂಡವು. ಎರ್ರಿಸ್ವಾಮಿ ಇನ್ನೊಂದು ಕಡೆಯಿಂದ ಎತ್ತಿದ. ಕುಲ್ಸುಂಬೀ ಕೆಮ್ಮುತ್ತಾ ಮೇಲೆ ಬಂದಳು. ತಲೆವಸ್ತ್ರ ಕೊರಳಿಗೆ ಇಳಿದಿತ್ತು. ಮೊದಲ ಮಾತು, "ಇದು ಬಿಡಲಿಲ್ಲ."

ಇಂಗ್ರಿಡ್ ಪಟ್ಟಿಯನ್ನು ಎರಡೂ ಕೈಯಿಂದ ಎಳೆದಳು. ಬರಲಿಲ್ಲ. ಎರ್ರಿಸ್ವಾಮಿ ಅಂಚಿನ ಕೆಳಗೆ ಬೆರಳು ತೂರಿಸಿ ಎಬ್ಬಿಸಬೇಕಾಯಿತು. ದಂಡೆಗೆ ತಂದು ಕೂರಿಸಿದ ಮೇಲೆ ಇಂಗ್ರಿಡ್ ಬಿಳಿಚಿದ ಮುಖದಲ್ಲಿ ಏನೋ ಹೇಳಿದಳು.

"ಸಾಕು ಅಂತಾಳ ಚಾಚಿ. ಹಳೇ ಲಂಗದಾಗನ ಹೋಗ್ತೀವಿ ಅಂತಾಳ," ಎಂದು ಹೇಳಿ ವಿಜಯಲಕ್ಷ್ಮಿ ಲಂಗದ ಅಂಚು ಹಿಡಿದು ನೋಡಿದಳು. "ಬಿಗಿ ಮಾಡಿದ್ರೇನ್ರಿ ಇದನ್ನ?"

"ಮಾಡಿದೆ. ಮಂದಿ ಎದುರಿಗೆ ಒಂದ ಎಳತಕ್ಕ ಬಿಚ್ಚಿ ಬಂತಲ್ಲ. ನಾಚಿಕಿ ಆತು ನನಗ."

"ಅಯ್ಯ ಚಾಚಿ, ಒಂದ ಎಳತಕ್ಕ ಬಿಚ್ಚಲಿ ಅಂತನ ಹೊಲಿಸೋದು ಇದನ್ನ."

ಇಂಗ್ರಿಡ್‌ಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವಳು ಮರಳಿನ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಆಮೇಲೆ ಥರ್ಮಾಸು ತೆಗೆದು ಕುಲ್ಸುಂಬೀಗೆ ಚಹಾ ಕುಡಿಸಿದಳು.

ನಾನು ಹತ್ತಿರ ಹೋಗಿ, "ಮನಿಗಿ ಹೋಗೂಣು ನಡಿ," ಅಂದೆ.

"ನೀವ ಬೇಕಾದ್ರ ಹೋಗ್ರಿ. ನಾ ಇದರ ಕೈಯಾಗಿಂದ ಬಿಡಿಸಿಗೊಂಡ ಬರಾಕಿ." ಎರ್ರಿಸ್ವಾಮಿಯ ಕಡೆ ತಿರುಗಿ, "ಬ್ಲೇಡ ಐತೇನಪ್ಪಾ?" ಎಂದಳು.

ಅವನ ಕಿಸೆಯಲ್ಲಿ ಅರ್ಧ ಬ್ಲೇಡು ಇತ್ತು. ಹೊತ್ತು ಮೇಲೇರುತ್ತಿತ್ತು. ಒದ್ದೆ ಬಟ್ಟೆಯಲ್ಲೇ ಬಂಡೆಯ ಮೇಲೆ ಕೂತು, ಹೊಳೆಯ ಕಡೆಗೆ ಮುಖ ಮಾಡಿ, ಆಕೆ ತಾನು ಹಾಕಿದ ಗಟ್ಟಿ ಹೊಲಿಗೆಯನ್ನು ಒಂದೊಂದೇ ಬಿಚ್ಚಿದಳು. ಅವಳು ತನ್ನ ಹೊಲಿಗೆ ಬಿಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ರಬ್ಬರನ್ನು ಮೊದಲಿದ್ದಷ್ಟಕ್ಕೆ ಬಿಟ್ಟು, ಇನ್ನೂ ಒಂದು ಬೆರಳು ಹೆಚ್ಚಿಗೆ ಸಡಿಲಿಸಿ, ಕಿಸೆಯಲ್ಲೇ ಇಟ್ಟುಕೊಂಡಿದ್ದ ಕೈಸೂಜಿಯಲ್ಲಿ ಹೊಲಿದಳು. ಯಾರೂ ಅವಸರ ಮಾಡಲಿಲ್ಲ. ವಿಜಯಲಕ್ಷ್ಮಿ ನೀರಿಗೆ ಸಣ್ಣ ಕಲ್ಲು ಎಸೆಯುತ್ತಿದ್ದಳು. ಇಂಗ್ರಿಡ್ ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಗುನುಗುತ್ತಿದ್ದಳು.

ಈ ಸಲ ಇಂಗ್ರಿಡ್ ದಂಡೆಯಲ್ಲೇ ಮೂರು ಸಲ ಎಳೆದು ನೋಡಿದಳು. ಮೂರು ಸಲವೂ ಟಪ್. ಆಮೇಲೆ ಕುಲ್ಸುಂಬೀಯನ್ನು ಕೂರಿಸಿದರು. ನಾನು ಎರ್ರಿಸ್ವಾಮಿಯ ಹರಗೋಲಿನಲ್ಲಿ ಕೂತೆ, ಅಷ್ಟು ದೂರದ ದಂಡೆಯಲ್ಲಿ ನಿಲ್ಲಲು ನನ್ನಿಂದ ಆಗಲಿಲ್ಲ. ಆಕೆ ಕಣ್ಣು ಮುಚ್ಚಲಿಲ್ಲ. ತಾನೇ ಒಂದು ಕಡೆ ವಾಲಿದಳು.

ಮತ್ತೆ ಹಳದಿ ಹೊಟ್ಟೆ. ಇಂಗ್ರಿಡ್ ಹುಟ್ಟು ಎತ್ತಿ ಹಿಡಿದು ಕಾದಳು. ಬಡಿತ ಕೇಳಿಸಲಿಲ್ಲ. ದೋಣಿ ಹಗುರವಾಗಿ ಒಮ್ಮೆ ಮೇಲೆದ್ದ ಹಾಗಾಯಿತು. ಅದರ ಪಕ್ಕದಲ್ಲಿ, ನಡದ ಸುತ್ತ ಲಂಗ ಹೂವಿನ ಹಾಗೆ ಅರಳಿಕೊಂಡು, ಕುಲ್ಸುಂಬೀ ಮೇಲೆ ಬಂದಳು.

"ಬಿಟ್ಟಿತು," ಅಂದಳು.

ವಿಜಯಲಕ್ಷ್ಮಿ ಸೀಟಿ ಊದಿದಳು. ಬೆಳ್ಳಕ್ಕಿ ಹಾರಿಹೋಯಿತು. ಇಂಗ್ರಿಡ್ ಕೈ ನೀಡಿದಳು. ಕುಲ್ಸುಂಬೀ ಅದನ್ನು ಹಿಡಿಯಲಿಲ್ಲ. ಜಾಕೀಟು ತೇಲಿಸುತ್ತಿತ್ತು, ನೀರು ಅವಳನ್ನು ಒಂದಿಷ್ಟು ಒಂದಿಷ್ಟೇ ಗದ್ದೆಗಳ ಕಡೆಗೆ ಒಯ್ಯುತ್ತಿತ್ತು. ಎರ್ರಿಸ್ವಾಮಿ ಹರಗೋಲನ್ನು ಅವಳ ಪಕ್ಕಕ್ಕೆ ತಂದ.

"ಹತ್ತು," ಅಂದೆ ನಾನು. "ತಣ್ಣಗೈತಿ ನೀರು."

ಆಕೆ ಹರಗೋಲಿನ ಅಂಚಿಗೆ ಕೈ ಇಟ್ಟಳು. ತುಟಿ ನೀಲಿಯಾಗಿತ್ತು. ನನ್ನೊಬ್ಬನಿಗೇ ಕೇಳುವ ಹಾಗೆ, "ಕೆಳಗ ಕತ್ತಲ ಇಲ್ಲರಿ," ಅಂದಳು.

"ಏನಂದಿ?"

"ಬೆಳಕ ಐತಿ. ಹಸರ ಬೆಳಕು. ಗಾಜಿನ ಬಳೆ ಬಿಸಿಲಿಗಿ ಹಿಡದಂಗ. ನನ್ನ ಕೈ ನನಗ ಕಾಣತಿತ್ತು." ಉಸಿರು ತೆಗೆದುಕೊಂಡಳು. "ಅಷ್ಟ ವರ್ಷ ಅಕ್ಕನ್ನ ನಾ ಕತ್ತಲದಾಗ ಇಟ್ಟಿದ್ದೆ."

ಆಕೆ ಎದೆ ತುಂಬ ಗಾಳಿ ಎಳೆದುಕೊಂಡು, ಕಣ್ಣು ತೆರೆದೇ, ಮುಖವನ್ನು ಮತ್ತೆ ನೀರಿಗೆ ಇಳಿಸಿದಳು. ಅವಳ ಒಂದು ಕೈ ಹರಗೋಲಿನ ಅಂಚಿನ ಮೇಲಿತ್ತು, ಅದರ ಮೇಲೆ ನಾನು ನನ್ನ ಕೈ ಇಟ್ಟೆ. ಎರ್ರಿಸ್ವಾಮಿ ದಂಡೆಯ ಕಡೆ ತಿರುಗಿಸಲು ಹುಟ್ಟು ಎತ್ತಿದ.

"ತಡಿಯಪ್ಪಾ," ಅಂದೆ. "ಆಕಿ ನೋಡಿ ಮುಗಸ್ಲಿ."